ಸ್ಟುಡಿಯೋದ ಮೈಕಿಗೆ, ನನ್ನ ಹೊಟ್ಟೆಯ ವಿಚಾರವಾಗಿ

ಮಾನ್ಯ ಮೈಕ್ ಮಹಾಶಯರೇ,

ಧ್ವನಿಮುದ್ರಣ ಕೋಣೆಯ ನಟ್ಟನಡುವೆ ಕಬ್ಬಿಣದ ಕತ್ತಿನಿಂದ ಇಳಿಬಿದ್ದು, ಮುಖಕ್ಕೆ ಕರಿಯ ಸ್ಪಂಜಿನ ಟೊಪ್ಪಿಗೆ ಹಾಕಿಕೊಂಡು, ಬಂದವರೆಲ್ಲರ ಮಾತನ್ನೂ ತುಟಿಪಿಟಕ್ಕೆನ್ನದೆ ಆಲಿಸುವ ತಮ್ಮ ಸಹನೆಗೆ ಮೊದಲು ನನ್ನ ಸಾಷ್ಟಾಂಗ ನಮಸ್ಕಾರ. ಬೋರಲಾಗಿ ಮಲಗುವುದು ನನಗೆ ಸದ್ಯಕ್ಕೆ ಆಗದ ಮಾತಾದ್ದರಿಂದ ಈ ಸಾಷ್ಟಾಂಗವನ್ನು ನಿಂತುಕೊಂಡೇ ಮಾಡುತ್ತಿದ್ದೇನೆ. ದೊಡ್ಡ ಮನಸ್ಸಿನಿಂದ ಸ್ವೀಕರಿಸಬೇಕು.

ನಾನು ಯಾರೆಂದು ತಮಗೆ ಗೊತ್ತು. ಬಹಿರಂಗ ಪತ್ರವಾದ್ದರಿಂದ ಉಳಿದವರಿಗೂ ಹೇಳಿಬಿಡುತ್ತೇನೆ. ನಾನು ದನಿ ಮಾರಿ ಬದುಕುವ ಹೆಂಗಸು. ಲಿಫ್ಟಿನೊಳಗೆ 'ಬಾಗಿಲು ಮುಚ್ಚುತ್ತಿದೆ' ಎನ್ನುವವಳೂ, ಬ್ಯಾಂಕಿಗೆ ಫೋನ್ ಮಾಡಿದರೆ 'ದಯವಿಟ್ಟು ನಿರೀಕ್ಷಿಸಿ' ಎಂದು ಸಭ್ಯರ ಬಾಯಲ್ಲೂ ಬೈಗುಳ ಬರಿಸುವವಳೂ ನಾನೇ. ಈ ಕಸುಬಿನ ದೊಡ್ಡ ಲಾಭವೆಂದರೆ ಯಾರಿಗೂ ನನ್ನ ಮೈ ಕಾಣುವುದಿಲ್ಲ. ಕರುಳಿನ ಉರಿಯೂತ ಅಂಟಿಕೊಂಡು, ಮಾತ್ರೆಗಳಿಂದ ಮುಖ ಊದಿ, ಕೈಕಾಲು ಸೊರಗಿ, ಕನ್ನಡಿಯೇ ನನ್ನನ್ನು ನೋಡಿ 'ಯಾರು ಬೇಕಿತ್ತು' ಎಂದು ಕೇಳುವಂತಿದ್ದ ವರ್ಷಗಳಲ್ಲೂ ನನ್ನ ದನಿ ಮಾತ್ರ ಇಸ್ತ್ರಿ ಮಾಡಿಟ್ಟ ಹಾಗೆ ಇತ್ತು. ಹಾಗಾಗಿ ದನಿಯೇ ನಾನು, ಉಳಿದದ್ದು ಅದನ್ನು ಸ್ಟುಡಿಯೋಗೆ ಹೊತ್ತು ತರುವ ಗಾಡಿ ಎಂದು ತೀರ್ಮಾನಿಸಿ ನೆಮ್ಮದಿಯಾಗಿದ್ದೆ.

ಕಳೆದ ವರ್ಷ ಗಾಡಿ ಕೈಕೊಟ್ಟಿತು. ವೈದ್ಯರು ನನ್ನ ದೊಡ್ಡ ಕರುಳನ್ನು ತೆಗೆದುಹಾಕಿ, ಸಣ್ಣ ಕರುಳಿನ ತುದಿಯನ್ನು ಹೊಕ್ಕುಳಿನ ಪಕ್ಕದಿಂದ ಹೊರಗೆ ತಂದು ಹೊಲಿದು, ಅದರ ಮೇಲೊಂದು ಚೀಲ ಅಂಟಿಸಿದರು. 'ಕಾಯಿಲೆ ಪೂರ್ತಿ ಹೋಯ್ತು ಅಂತ ಹೇಳಕ್ಕಾಗಲ್ಲಮ್ಮ, ಇದರ ಜೊತೆ ಬದುಕೋದು ಕಲೀಬೇಕು' ಎಂದರು. ಈ ಹೊಸ ಬಾಯಿಗೆ ಬಿಗಿಹಿಡಿಯುವ ಸ್ನಾಯು ಇಲ್ಲವಂತೆ. ಎಂದರೆ, ಗಾಳಿ ಬಂದಾಗ ಅದು ಸದ್ದು ಮಾಡುತ್ತದೆ, ನನ್ನ ಅಭಿಪ್ರಾಯ ಕೇಳುವುದಿಲ್ಲ. ನನ್ನ ಜೊತೆಯಲ್ಲೇ ಇರುವ ಅಕ್ಕ ಆಸ್ಪತ್ರೆಯ ಮಂಚದ ಪಕ್ಕ ಕೂತು ಮೊದಲ ಸಲ ಆ ಸದ್ದು ಕೇಳಿದಾಗ ಕಣ್ಣೊರೆಸಿಕೊಳ್ಳುತ್ತಲೇ ನಗತೊಡಗಿದಳು. 'ನಿನಗೊಂದು ಮದುವೆ ಆಗಲಿಲ್ಲ ಅಂತ ಅಮ್ಮ ಕೊನೇತನಕ ಕೊರಗಿದ್ಲಲ್ಲೇ. ನೋಡು, ಯಜಮಾನ್ರು ಬಂದೇಬಿಟ್ರು. ಹೊತ್ತುಗೊತ್ತು ನೋಡದೆ ಗುರ್ ಅಂತಾರೆ, ಬಿಟ್ಟು ಹೋಗಿ ಅಂದ್ರೂ ಹೋಗಲ್ಲ' ಎಂದಳು. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ನಗುವುದು ಎಂಥ ಹಿಂಸೆ ಎಂಬುದನ್ನು ಹೊಟ್ಟೆಯೇ ಇಲ್ಲದ ತಮಗೆ ವಿವರಿಸಲಾರೆ. ಅಂದಿನಿಂದ ನಮ್ಮ ಮನೆಯಲ್ಲಿ ಅದು ಯಜಮಾನರು.

ಇಷ್ಟಕ್ಕೂ ತಮ್ಮ ಮೇಲಿನ ನನ್ನ ದೂರೇನು? ಇಷ್ಟೇ. ನನ್ನ ದನಿಯನ್ನು ಮೆಚ್ಚುವುದರಲ್ಲಿ ತಮ್ಮಷ್ಟು ಜಿಪುಣರಿಲ್ಲ. ಒಂದು ಒತ್ತಕ್ಷರ ಸಡಿಲವಾದರೆ ಮತ್ತೊಮ್ಮೆ ಹೇಳಿಸುತ್ತೀರಿ, ಉಸಿರು ಜಾಸ್ತಿಯಾದರೆ ಇನ್ನೊಮ್ಮೆ ಹೇಳಿಸುತ್ತೀರಿ. ಯಜಮಾನರ ದನಿಯನ್ನು ಮಾತ್ರ ಮೊದಲ ಸಲಕ್ಕೇ, ಏರಿಳಿತದ ಸಮೇತ, ಸಂಗೀತಗಾರನನ್ನು ಹಿಡಿದ ಹಾಗೆ ಹಿಡಿಯುತ್ತೀರಿ. ಈ ಪಕ್ಷಪಾತ ಯಾಕೆ?

ಕೆಲಸಕ್ಕೆ ಮರಳಿದ ಮೇಲೆ ತಮ್ಮಿಂದ ತಪ್ಪಿಸಿಕೊಳ್ಳಲು ನಾನು ಪಟ್ಟ ಪಾಡನ್ನು ತಾವು ಕಣ್ಣಾರೆ ಅಲ್ಲದಿದ್ದರೂ ಕಿವಿಯಾರೆ ಬಲ್ಲಿರಿ. ರೆಕಾರ್ಡಿಂಗ್ ಇದ್ದ ದಿನ ಉಪವಾಸ ಬರುತ್ತಿದ್ದೆ. ಖಾಲಿ ಹೊಟ್ಟೆ ಇನ್ನೂ ಜೋರಾಗಿ ಮಾತಾಡುತ್ತದೆ ಎಂಬುದು ಆಮೇಲೆ ತಿಳಿಯಿತು. ಹೊಟ್ಟೆಗೆ ಶಾಲು ಸುತ್ತಿ, ಅದರ ಮೇಲೆ ದಿಂಬು ಒತ್ತಿ ಹಿಡಿದು, ಬೆವರು ಸುರಿಸುತ್ತಾ 'ತಮ್ಮ ಕರೆ ನಮಗೆ ಅಮೂಲ್ಯ' ಎಂದು ನಗುನಗುತ್ತಾ ಓದುತ್ತಿದ್ದೆ. ಗಾಜಿನಾಚೆ ಕೂತು ರೆಕಾರ್ಡ್ ಮಾಡುವ, ನಾವೆಲ್ಲ ಮಾವ ಎಂದು ಕರೆಯುವ ಹಿರಿಯರು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು, 'ಎಲ್ಲೋ ನೀರು ಗೊಳಗೊಳ ಅಂತಿದೆಯಲ್ಲಮ್ಮ' ಎಂದರು. ನಾನು ಅಮಾಯಕಳಂತೆ ಗೋಡೆಯ ಕಡೆ ನೋಡಿದೆ. ಮಾವ ಮೊದಲು ಎ.ಸಿ. ಆರಿಸಿದರು, ಆಮೇಲೆ ಹೊರಗಿನ ಫ್ರಿಜ್ಜಿನ ಪ್ಲಗ್ ಕಿತ್ತರು, ಆಮೇಲೆ ಮೇಲಿನ ಮಹಡಿಯ ಹಲ್ಲಿನ ಡಾಕ್ಟರ ಜೊತೆ ಬಾಯಿ ಮುಕ್ಕಳಿಸುವ ತೊಟ್ಟಿಯ ವಿಷಯವಾಗಿ ಜಗಳ ಕಾದು ಬಂದರು. ಕೊನೆಗೆ ನಲ್ಲಿ ರಿಪೇರಿಯವರನ್ನು ಕರೆಸಿದರು. ಅವರು ಗೋಡೆಯನ್ನು ಕುಟ್ಟಿ ನೋಡಿ, ಒಂದು ಕಡೆ ಒಡೆದು, ಹಳೆಯ ಪೈಪನ್ನು ಕಿತ್ತು ಹೊಸದು ಹಾಕಿದರು. ನಾನು ಆ ಧೂಳಿನಲ್ಲಿ ಕೆಮ್ಮುತ್ತಾ, ಗೋಡೆ ಒಡೆದರೂ ಪರವಾಗಿಲ್ಲ, ಗುಟ್ಟು ಒಡೆಯದಿರಲಿ ಎಂದುಕೊಂಡೆ.

ಅವರು ಗಾರೆ ಮೆತ್ತುವ ಕೆಲಸ ಮುಗಿಸಲು ಬಂದಿದ್ದ ದಿನವೇ ಧ್ಯಾನ ಕಲಿಸುವ ಕಂಪನಿಯ ಮೇಡಂ ಬಂದರು. ಮೊಬೈಲಿನಲ್ಲಿ ಕೇಳುವ ಧ್ಯಾನಕ್ಕೆ ನನ್ನ ದನಿ ಬೇಕಿತ್ತು. ವರ್ಷವಿಡೀ ನಡೆಯುವ ಕೆಲಸ, ಸಿಕ್ಕರೆ ಬ್ಯಾಂಕಿನವರ ಬೈಗುಳದಿಂದ ಮುಕ್ತಿ. ಮೇಡಂ ಗಾಜಿನಾಚೆ ಬೆನ್ನು ನೆಟ್ಟಗೆ ಮಾಡಿ ಕೂತರು. ನನ್ನ ಮುಂದಿದ್ದ ಹಾಳೆಯಲ್ಲಿ ಹೀಗಿತ್ತು: 'ನಿಮ್ಮ ದೇಹವನ್ನು ಇದ್ದ ಹಾಗೆಯೇ ಒಪ್ಪಿಕೊಳ್ಳಿ. ಅದು ಏನು ಹೇಳುತ್ತಿದೆಯೋ ಪ್ರೀತಿಯಿಂದ ಆಲಿಸಿ.' ಅದರ ಕೆಳಗೆ, ದೀರ್ಘ ಮೌನ ಎಂದು ಬರೆದಿತ್ತು.

ಜೇನು ಸುರಿದ ಹಾಗೆ ಓದಿದೆ. ದೀರ್ಘ ಮೌನ ಬಂತು. ಯಜಮಾನರು ಬಾಯಿಬಿಟ್ಟರು.

ಸಾಮಾನ್ಯ ಸದ್ದಲ್ಲ ಅದು. ಗುಟುರು ಹಾಕಿ, ಏರಿ, ನಡುವೆ ಒಂದು ಪ್ರಶ್ನೆ ಕೇಳಿ, ತಾನೇ ಉತ್ತರ ಹೇಳಿಕೊಂಡು ಮುಗಿಯಿತು. ಮೇಡಂ ಹುಬ್ಬು ಗಂಟಿಕ್ಕಿ 'ಏನದು?' ಎಂದರು. ಮಾವ ನಾಚಿಕೆಯಿಂದ 'ಪೈಪು ಮೇಡಂ, ರಿಪೇರಿ ನಡೀತಿದೆ' ಎಂದರು. ಬಾಗಿಲ ಬಳಿ ಕರಣೆ ಹಿಡಿದು ನಿಂತಿದ್ದ ನಲ್ಲಿಯವರ ಮುಖ ಕೆಂಪಾಯಿತು.

'ನನ್ನ ಪೈಪು ಅಂಥ ಸದ್ದು ಮಾಡಲ್ಲ ಸ್ವಾಮಿ. ನಾನು ಹಾಕಿದ್ದು ಸೋರಲ್ಲ, ಕೂಗಲ್ಲ. ಬೇಕಾದ್ರೆ ಇನ್ನೊಂದ್ಸಲ ಗೋಡೆ ಒಡೆದು ತೋರಿಸ್ತೀನಿ' ಎಂದು ಸುತ್ತಿಗೆ ಎತ್ತಿಕೊಂಡೇಬಿಟ್ಟರು.

ಮಹಾಶಯರೇ, ಅಷ್ಟು ದಿನ ನನ್ನ ಮಾನ ಉಳಿಸಿಕೊಳ್ಳಲು ಪಾಪದ ಗೋಡೆಯ ಮಾನ ಕಳೆದದ್ದು ಸಾಕಾಗಿತ್ತು, ಈಗ ಒಬ್ಬ ಕೆಲಸಗಾರನ ಮಾನವೂ ಹೋಗುವುದರಲ್ಲಿತ್ತು. ದಿಂಬು ಪಕ್ಕಕ್ಕಿಟ್ಟು, ನೇರ ತಮ್ಮ ಮುಖಕ್ಕೇ ಹೇಳಿದೆ: 'ಅವರ ಪೈಪಲ್ಲ. ಅದು ನನ್ನ ಪೈಪು.' ತಾವು ಅದನ್ನೂ ಸ್ಪಷ್ಟವಾಗಿ ಹಿಡಿದಿರಿ. ಆಮೇಲೆ ಕರುಳು, ಚೀಲ, ಆಪರೇಷನ್, ಎಲ್ಲವನ್ನೂ 'ಬಾಗಿಲು ಮುಚ್ಚುತ್ತಿದೆ' ಎನ್ನುವಷ್ಟೇ ನಿರಾಳವಾಗಿ ಹೇಳಿ ಮುಗಿಸಿದೆ.

ಮಾವ ಹೆಡ್‌ಫೋನ್ ತೆಗೆದಿಟ್ಟರು. ನಲ್ಲಿಯವರು ಸುತ್ತಿಗೆ ಇಳಿಸಿ, ಕಸುಬಿನ ಕುತೂಹಲದಿಂದ, 'ಲೈನು ಪಕ್ಕಕ್ಕೆ ತಿರುಗಿಸಿದ್ದಾರಾ ಅಮ್ಮಾ? ಕೊನೇಲಿ ಒಂದು ಟ್ಯಾಪ್ ಇಟ್ಟಿದ್ರೆ ಚೆನ್ನಾಗಿತ್ತು' ಎಂದು ಕೇಳಿದರು. ಡಾಕ್ಟರಿಗೆ ತಿಳಿಸುತ್ತೇನೆ ಎಂದೆ. ನಗು ತಡೆಯಲಾಗಲಿಲ್ಲ. ಎಲ್ಲರೂ ನಕ್ಕೆವು, ಮೇಡಂ ಒಬ್ಬರನ್ನು ಬಿಟ್ಟು. ಅವರು ಮರುದಿನ ಫೋನ್ ಮಾಡಿ, ತಮ್ಮದು ದೇಹವನ್ನು ಪ್ರೀತಿಸಲು ಕಲಿಸುವ ಕಾರ್ಯಕ್ರಮವೇ ಆದರೂ ದನಿ ಕೊಡುವವರು ಸ್ವಲ್ಪ ಆರೋಗ್ಯವಂತರಾಗಿದ್ದರೆ ಒಳ್ಳೆಯದೆಂದು ಮೇಲಿನವರ ಅಭಿಪ್ರಾಯ ಎಂದು ಬಹಳ ಮೃದುವಾಗಿ ತಿಳಿಸಿದರು. ಕೆಲಸ ಹೋಯಿತು. ನಾನು ಅತ್ತೆ. ಅಕ್ಕ ಎರಡು ದಿನ ಆ ಕಂಪನಿಯ ವಂಶವನ್ನೆಲ್ಲ ಜಾಲಾಡಿದಳು.

ಮೂರನೆಯ ದಿನ ಚೀಲ ಬದಲಿಸುವಾಗ, ಎಂದಿನಂತೆ ಸೂರು ನೋಡಿಕೊಂಡು ಕೈಯಂದಾಜಿನಲ್ಲಿ ಮಾಡದೆ, ಬಗ್ಗಿ ನೋಡಿದೆ. ಯಜಮಾನರು ಕೆಂಪಗೆ, ತೇವವಾಗಿ, ಮುತ್ತಿಡಲು ಚಾಚಿದ ಸೊಟ್ಟ ತುಟಿಯ ಹಾಗಿದ್ದರು. ಸುಂದರ ಎನ್ನಲಾರೆ. ಆದರೆ ನನ್ನನ್ನು ಬದುಕಿಸುವ ಕೆಲಸವನ್ನು ಯಾರ ಮುಲಾಜೂ ಇಲ್ಲದೆ ಮಾಡುತ್ತಿದ್ದವರು ಅವರೊಬ್ಬರೇ. ಅಷ್ಟು ತಿಂಗಳು ಮುಖ ಕೊಟ್ಟು ಮಾತಾಡಿಸದೆ ಇದ್ದೆನಲ್ಲ ಎನಿಸಿತು. ಬೆಚ್ಚಗಿನ ನೀರಿನಲ್ಲಿ ಮೆಲ್ಲಗೆ ಒರೆಸಿದೆ. ಗುರ್ ಎಂದರು. 'ಗೊತ್ತು ಬಿಡಿ' ಎಂದೆ.

ಈಗ ಊಟ ಮಾಡಿಯೇ ಬರುತ್ತೇನೆ, ಶಾಲೂ ಇಲ್ಲ, ದಿಂಬೂ ಇಲ್ಲ. ಸದ್ದಾದರೆ ಮಾವ ರೆಕಾರ್ಡಿಂಗ್ ನಿಲ್ಲಿಸಿ, ಅಕ್ಕನಿಂದ ಕಲಿತ ಗೌರವದಿಂದ 'ಯಜಮಾನ್ರದ್ದು ಮುಗೀತಾ ಅಮ್ಮ?' ಎಂದು ಕೇಳುತ್ತಾರೆ. ಮುಗಿದ ಮೇಲೆ ಮುಂದುವರಿಯುತ್ತೇವೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ: ಯಜಮಾನರು ಮಾತಾಡುವಾಗ ತಾವು ದಯವಿಟ್ಟು ಸ್ವಲ್ಪ ಕಿವುಡರಾಗಬೇಕು. ಸಾಧ್ಯವಿಲ್ಲವೆಂದರೆ ಅವರನ್ನೂ ಕಲಾವಿದರೆಂದು ಒಪ್ಪಿ, ಅವರಿಗೆ ಪ್ರತ್ಯೇಕ ಸಂಭಾವನೆ ಕೊಡಿಸಬೇಕು. ಅವರು ತಯಾರಿಯಿಲ್ಲದೆ, ಹಾಳೆ ನೋಡದೆ ಮಾತಾಡುತ್ತಾರೆ, ಒಮ್ಮೆಯೂ ತಡವರಿಸಿದ್ದಿಲ್ಲ. ಅಂಥ ಪ್ರತಿಭೆ ನನ್ನಲ್ಲೂ ಇಲ್ಲ.

ಹೊಟ್ಟೆಯ ಸಮೇತ ತಮ್ಮ ವಿಶ್ವಾಸಿ,
ಲಿಫ್ಟಿನೊಳಗಿನ ಹೆಂಗಸು

ಮರೆತ ಮಾತು: ಕಳೆದ ವಾರ ಆ ಮೇಡಂ ಹೊಸ ಕಲಾವಿದೆಯನ್ನು ಕರೆದುಕೊಂಡು ಬಂದಿದ್ದರು. ನನ್ನನ್ನು ಮೆಟ್ಟಿಲ ಬಳಿ ತಡೆದು, ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ನನ್ನ ಡಾಕ್ಟರ ನಂಬರ್ ಕೇಳಿದರು. ತಮ್ಮನಿಗೆ ಎಂದರು. ಕೈ ತಮ್ಮದೇ ಹೊಟ್ಟೆಯ ಮೇಲಿತ್ತು. ನಾನೂ ಮೊದಮೊದಲು ಗೆಳತಿಗೆ ಎಂದೇ ಕೇಳುತ್ತಿದ್ದವಳು. ನಂಬರ್ ಕೊಟ್ಟು, ತಮ್ಮನಿಗೆ ಧೈರ್ಯ ಹೇಳಿ ಎಂದೆ. ಎಲ್ಲವೂ ತಮ್ಮ ಕಿವಿಗೆ ಬೀಳುತ್ತದೆಂದು ತಾವು ಬಹಳ ಬೀಗಬೇಕಾಗಿಲ್ಲ ಎಂದು ತಿಳಿಸಲಷ್ಟೇ ಇದನ್ನು ಬರೆದೆ.