ಗೇಟಿನ ಮೇಲೆ ಒಣಗಿದ ಮಹಾಕೃತಿ

ಗೋಂದು ಒಣಗಿರಲಿಲ್ಲ, ಅನರ್ಥಕ್ಕೆ ಅಷ್ಟೇ ಮೂಲ. ಘಾನಾ ದೇಶದ ಕುಮಾಸಿಯ ಕಲಾವಿದ ಕ್ವಾಕು ನ್ಸಿಯಾ ವರ್ಷಗಟ್ಟಲೆ ತಪಸ್ಸು ಮಾಡಿ ರಚಿಸಿದ ಮಹಾಕೃತಿಯನ್ನು ಬೆಳಗಿನ ಬಿಸಿಲಿಗೆಂದು ಮನೆಯ ಗೇಟಿನ ಮೇಲೆ ಹರಡಿದ. ಕೆಂಪು ಬಟ್ಟೆ, ಅದರ ಮೈತುಂಬ ಗೋಂದು ಹಚ್ಚಿ ಹೊಲಿದ ತುಕ್ಕು ಹಿಡಿದ ಕೀಲಿಕೈಗಳು. ಮಧ್ಯಾಹ್ನ ರಾಜಧಾನಿ ಅಕ್ರಾದಿಂದ ಪ್ರದರ್ಶನದ ಆಯ್ಕೆಗಾರ್ತಿ ಕ್ವಾನ್ಸಿಮಾ ಬರುವವಳಿದ್ದಳು. ಆಕೆ ಮೆಚ್ಚಿದರೆ ಕಲಾವಿದ. ಇಲ್ಲವಾದರೆ ಮತ್ತೆ ಅಂಗಡಿಗಳ ಫಲಕ ಬರೆಯುವುದೇ ಗತಿ. ಆಕೆಯ ಕಣ್ಣಿಗೆ ತೇಜಸ್ವಿಯಾಗಿ ಕಾಣಲೆಂದು ಅವನು ಕ್ಷೌರಿಕನಲ್ಲಿಗೆ ಹೋಗಿ ತಲೆಯನ್ನು ತಾಮ್ರದ ಚೆಂಬಿನಂತೆ ಬೋಳಿಸಿಕೊಂಡ.

ಗೇಟಿನ ಮೇಲೆ ಕೆಂಪು ಬಟ್ಟೆ ಬಿದ್ದರೆ ಆ ಮನೆಯಲ್ಲಿ ಸಾವಾಗಿದೆಯೆಂದು ತಿಳಿಯಲು ಕುಮಾಸಿಯಲ್ಲಿ ಯಾರೂ ಶಾಸ್ತ್ರ ಓದಬೇಕಿಲ್ಲ. ಎದುರುಮನೆಯ ಹಿರಿಯಾಕೆ ಮಾಮೆ ಸೆರ್ವಾ ಓದಲೂ ಇಲ್ಲ. ಆ ಬೀದಿಯ ಸೂತಕಗಳೆಲ್ಲ ಆಕೆಯ ಸಾಮ್ರಾಜ್ಯ. ಮನೆಯ ಯಜಮಾನ, ಕ್ವಾಕುವಿನ ಸೋದರಮಾವ, ಬೆಳಗಿನಿಂದ ಕಾಣಿಸದಿದ್ದುದರಿಂದ ಸತ್ತವನು ಆತನೇ ಎಂದು ತೀರ್ಮಾನವಾಯಿತು. ಆತ ಲಾರಿ ನಿಲ್ದಾಣದಲ್ಲಿ ಹಲಗೆಯಾಟ ಆಡುತ್ತ ಕುಳಿತಿದ್ದ.

ಕ್ವಾಕು ಮರಳುವಷ್ಟರಲ್ಲಿ ಶಾಮಿಯಾನ, ಕುರ್ಚಿ, ರೋದನ ಎಲ್ಲವೂ ಸಿದ್ಧ. ಅವನ ಬೋಳುತಲೆ ಕಂಡು ರೋದನ ಇಮ್ಮಡಿಸಿತು. ಮಾವನ ಆಸ್ತಿ ಸೋದರಳಿಯನಿಗೇ ಸೇರುವ ಆ ಊರಲ್ಲೂ, ಮಾವನಿಗಾಗಿ ಇಷ್ಟು ಬೇಗ ತಲೆ ಬೋಳಿಸಿಕೊಂಡ ಸೋದರಳಿಯನನ್ನು ಬೀದಿ ಹಿಂದೆ ಕಂಡಿರಲಿಲ್ಲ. ಯಾರೂ ಸತ್ತಿಲ್ಲವೆಂದು ಅವನು ಬಡಬಡಿಸಿದ್ದನ್ನು ದುಃಖದ ಭ್ರಮೆಯೆಂದು ಕ್ಷಮಿಸಲಾಯಿತು.

"ಮಾಮೆ, ಗೇಟಿನ ಮೇಲಿದ್ದ ನನ್ನ ಬಟ್ಟೆ ಎಲ್ಲಿ?"

"ಬಂದವ್ರಿಗೆಲ್ಲ ತಲೆಗೆ ಕಟ್ಕೊಳ್ಳೋಕೆ ಕೆಂಪು ಪಟ್ಟಿ ಬೇಡ್ವೇನಪ್ಪ? ಹರಿದು ಹಂಚಿದೀನಿ. ಅದ್ಯಾವ ಪುಣ್ಯಾತ್ಮ ಕೀಲಿಕೈ ಹೊಲ್ದಿದ್ನೋ, ನನ್ನ ಉಗುರೇ ಕಿತ್ತೋಯ್ತು. ತಗೋ, ಕೊನೇದು ನಿಂಗೇ ಇಟ್ಟಿದ್ದೆ."

ಕ್ವಾಕು ಪಟ್ಟಿಯನ್ನು ನೆಲಕ್ಕೆಸೆದ.

"ನೋಡ್ರೇ ಇವನ್ನ. ಮಾವನ ಮನೆ ಬೇಕಂತೆ, ಮಾವನ ಪಟ್ಟಿ ಬೇಡ್ವಂತೆ."

ಅಷ್ಟರಲ್ಲಿ ಮೃತನೇ ಆಟ ಮುಗಿಸಿ ಬಂದ. ಕೆಲವರು ತಲೆಯ ಪಟ್ಟಿ ಬಿಚ್ಚತೊಡಗಿದರು. ತನಗಾಗಿ ಇಷ್ಟು ಜನ ನೆರೆದುದನ್ನು ಕಂಡು ಮುದುಕನ ಹೃದಯ ತುಂಬಿತು. ಬಿದ್ದಿದ್ದ ಪಟ್ಟಿಯನ್ನೆತ್ತಿ ತಲೆಗೆ ಕಟ್ಟಿಕೊಂಡು ಮೊದಲ ಸಾಲಿನಲ್ಲಿ ಕುಳಿತ.

"ನಿಲ್ಲಿಸ್ಬೇಡಿ. ಯಾರ್ಯಾರು ಎಷ್ಟೆಷ್ಟು ಅಳ್ತೀರೋ ನಾನೂ ನೋಡ್ತೀನಿ."

ಬಾಡಿಗೆಗೆ ತಂದ ಶಾಮಿಯಾನ ವ್ಯರ್ಥವಾಗಬಾರದೆಂದು ಜನರೂ ಮುಂದುವರಿಸಿದರು. ಪ್ರತಿ ಬಿಕ್ಕಿಗೂ ಹಣೆಗಳ ಮೇಲೆ ಕೀಲಿಕೈಗಳು ಕಿಣಿಕಿಣಿಸಿದವು. ಕ್ವಾನ್ಸಿಮಾ ಕಾರಿನಿಂದಿಳಿದದ್ದು ಆಗಲೇ. ಕೃತಿಯೆಲ್ಲಿ ಎಂದು ಕೇಳಿದಾಗ ಕ್ವಾಕು ಆ ತಲೆಗಳತ್ತ ಕೈ ತೋರಿದ. ಶೋಕವು ಕರುಣರಸಕ್ಕೆ ಸ್ಥಾಯಿಯೆಂದು ಲಾಕ್ಷಣಿಕರ ಮತ. ಆ ಶಾಮಿಯಾನದಲ್ಲಿ ನಿಜವಾದ ಶೋಕವಿದ್ದುದು ಅವನೊಬ್ಬನಲ್ಲೇ.

ಆಕೆ ಬಹಳ ಹೊತ್ತು ನೋಡಿದಳು. "ಇದೇ ಬೇಕು. ಹೀಗೇ, ಜನರ ಸಮೇತ. ಯಾರೂ ಪಟ್ಟಿ ಬಿಚ್ಚಬೇಡಿ. ನಾಳೇನೇ ಪ್ರದರ್ಶನ."

ಕ್ವಾಕುವಿಗೆ ಜನ್ಮ ಸಾರ್ಥಕವೆನಿಸಿತು. ಸಂಜೆ ಎಲ್ಲರನ್ನೂ ಅಕ್ರಾಕ್ಕೆ ಒಯ್ಯಲು ಬಸ್ಸು ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನು ಮೆಟ್ಟಿಲೇರಿದಾಗ ಕ್ವಾನ್ಸಿಮಾ ವಿನಯದಿಂದ ತಡೆದಳು.

"ಪಟ್ಟಿ ಇದ್ದವರಿಗೆ ಮಾತ್ರ ಸೀಟು."

"ಅಮ್ಮಾ, ಕಲಾವಿದ ನಾನು."

"ಬಟ್ಟೆ ನಿಮ್ಮದಂತೆ, ಮಾಮೆ ಹೇಳಿದರು. ಕೃತಜ್ಞತೆಯಲ್ಲಿ ನಿಮ್ಮ ಹೆಸರೂ ಹಾಕಿಸ್ತೀನಿ."

ಬಸ್ಸು ಹೊರಟಿತು. ಕಿಟಕಿಯಿಂದ ಸ್ವರ್ಗಸ್ಥ ಮಾವ ತಲೆ ಹೊರಹಾಕಿ, ಕೀಲಿಕೈ ಕುಣಿಸುತ್ತ ಹೇಳಿದ:

"ಮನೆ ಕಡೆ ನೋಡ್ಕೋ, ಅಳಿಯಾ. ನಾವು ಬರೋವರೆಗೂ ಗೇಟಿನ ಮೇಲೆ ಏನೂ ಒಣಗಿ ಹಾಕ್ಬೇಡ. ಅಳೋಕೆ ಬೀದೀಲಿ ಯಾರೂ ಇಲ್ಲ."