ಮಂಜ ಗಿಳಿಗಳನ್ನು ‘ತೆಗೆದ’ ಪ್ರಸಂಗ

ನನ್ನ ಮಟ್ಟಿಗೆ ವಸ್ತುವನ್ನು ಕಳೆದುಕೊಳ್ಳುವುದಕ್ಕೂ ಜೋಪಾನ ಮಾಡುವುದಕ್ಕೂ ಸಣ್ಣದೊಂದು ವ್ಯತ್ಯಾಸವಿದೆ. ಕಳೆದುಹೋದದ್ದು ಎಂದಾದರೂ ಸಿಗಬಹುದು. ನಾನು ಜೋಪಾನ ಮಾಡಿದ್ದು ಸಿಗುವುದಿಲ್ಲ. ಆದರೂ ಮೊಳಕಾಲ್ಮೂರಿನ ನಮ್ಮ ರೇಷ್ಮೆ ಸೀರೆ ಅಂಗಡಿಯ ಬ್ಯಾಕಪ್ ಖಾತೆಗೆ ನಾನೇ ಮಂತ್ರಿ. ನನ್ನ ಹೆಂಡತಿ ನಾಗಮಣಿ ನೇಕಾರರ ಮನೆಯ ಮಗಳು. ಅಂಚು, ಸೆರಗುಗಳ ಡಿಸೈನನ್ನು ಕಂಪ್ಯೂಟರಿನಲ್ಲಿ ಬರೆಯುವವಳು ಅವಳು, ಬರೆದದ್ದನ್ನು ಕಾಪಾಡುವವನು ನಾನು.

ಯಾವುದರಲ್ಲಿ ಕಾಪಾಡುವುದು ಎಂಬುದೇ ದೊಡ್ಡ ತಲೆನೋವಾಯಿತು. ಮೊದಲು ಸಿಡಿಗಳಿಗೆ ಹಾಕಿದೆ. ಅವನ್ನು ನಮ್ಮತ್ತೆ ಹಕ್ಕಿ ಓಡಿಸಲು ದಾಳಿಂಬೆ ಗಿಡಗಳಿಗೆ ಕಟ್ಟಿದರು. ಪೆನ್ ಡ್ರೈವ್ ತಂದೆ. ಅದು ನನ್ನ ಅಂಗಿಯ ಜೇಬಿನಲ್ಲೇ ಕುಳಿತು ಬಟ್ಟೆಯ ಜೊತೆ ಒಗೆಸಿಕೊಂಡಿತು. ಕೊನೆಗೆ ಇಂಟರ್ನೆಟ್ಟಿನಲ್ಲಿ ಓದಿ ಶ್ರೇಣಿ ಪದ್ಧತಿ ಜಾರಿಗೆ ತಂದೆ: ದಿನಾ ಬೇಕಾಗುವ ಡಿಸೈನ್ ಕಂಪ್ಯೂಟರಿನಲ್ಲಿ, ಅಪರೂಪದ್ದು ಹಾರ್ಡ್ ಡಿಸ್ಕಿನಲ್ಲಿ. ಇದನ್ನು ನಾಗಮಣಿಗೆ ಗಂಭೀರವಾಗಿ ವಿವರಿಸಿದೆ.

“ಉಡೋ ಸೀರೆ ಹಗ್ಗದ ಮ್ಯಾಲೆ, ಮದುವೆ ಸೀರೆ ಟ್ರಂಕಿನಾಗೆ. ಇಷ್ಟಕ್ಕೆ ಇಂಟರ್ನೆಟ್ ಬೇಕಿತ್ತೇನ್ರೀ?” ಎಂದಳು.

ಡಿಸ್ಕು ಮನೆಯಿಂದ ದೂರವಿದ್ದರೆ ಕ್ಷೇಮವೆಂದೂ ಓದಿದ್ದೆ. ಹಾಗಾಗಿ ಅದನ್ನು ಚಳ್ಳಕೆರೆಯಲ್ಲಿರುವ ನಾಗಮಣಿಯ ತಮ್ಮ ಮಂಜನ ಮನೆಯಲ್ಲಿಟ್ಟೆ.

ಅಷ್ಟರಲ್ಲಿ ರಾಂಪುರದ ಗಿರಾಕಿಯೊಬ್ಬರು ಬಂದು, ಹಿರಿಯ ಮಗಳ ಧಾರೆ ಸೀರೆಗೆ ನೇಯಿಸಿದ್ದ ಗಿಳಿಯಂಚೇ ಕಿರಿಯವಳಿಗೂ ಬೇಕೆಂದರು. ನಾಗಮಣಿ ಮಾತು ಕೊಟ್ಟಳು. ಗಿಳಿಗಳು ಬರೀ ಡಿಸ್ಕಿನಲ್ಲಿದ್ದವು. ನಾನು ಮಂಜನಿಗೆ ಫೋನ್ ಮಾಡಿದೆ.

ಇಲ್ಲಿ ಒಂದು ಮಾತು. ನಮ್ಮ ಕಡೆ ಬಾಗಿಲನ್ನೂ ತೆಗೆಯುತ್ತೇವೆ, ಕಸವನ್ನೂ ತೆಗೆಯುತ್ತೇವೆ. ನಾಗಮಣಿಯ ತವರಿನ ತೆಲುಗಿನಲ್ಲೂ ಇದೇ ಕಥೆ. ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

“ಲೇ ಮಂಜ, ಡಿಸ್ಕ್ ಹಾಕಿ ಹಳೇ ಡಿಸೈನ್ ಫೋಲ್ಡರ್ ತೆಗಿ.”

“ಪೂರ್ತಿ ತೆಗೀಲಾ ಬಾವ?”

“ಪೂರ್ತಿ ತೆಗಿಯೋ, ಅರ್ಧಂಬರ್ಧ ತೆಗ್ದು ಏನ್ ಮಾಡ್ತೀಯ?”

“ಖಾತ್ರಿನಾ ಅಂತ ಕೇಳ್ತೈತೆ.”

“ಹೂಂ ಅನ್ನು. ಕಂಪ್ಯೂಟರ್‌ಗೆಲ್ಲ ಹೆದರ್ತಾರೇನಲೇ?”

“ತೆಗ್ದೆ ಬಾವ. ಈಗ ಒಂದೂ ಇಲ್ಲ, ಎಲ್ಲಾ ಕ್ಲೀನ್!”

“ಅಯ್ಯೋ, ಡಿಲೀಟ್ ಮಾಡಿದ್ದು ಕಸದ ಬುಟ್ಟಿಯಾಗೆ ಐತೇನೋ ನೋಡು,” ಎಂದೆ.

“ಅದನ್ನೂ ತೆಗ್ದೆ ಬಾವ,” ಎಂದ ಪುಣ್ಯಾತ್ಮ.

ನಾಗಮಣಿಯ ಮುಂದೆ ಬಾಯಿಬಿಟ್ಟಾಗ ನಾಚಿಕೆಯಿಂದ ಭೂಮಿಗಿಳಿದು ಹೋದೆ. ಅವಳು ಎಷ್ಟೋ ಸಂಜೆ ಕಣ್ಣು ಕೆಂಪಾಗಿಸಿಕೊಂಡು ಒಂದೊಂದೇ ಚುಕ್ಕಿ ಇಟ್ಟು ಬರೆದ ಗಿಳಿಗಳು ಅವು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ಮರುದಿನ ರಾಂಪುರಕ್ಕೆ ಹೋಗಿ, ಆ ಹಿರಿಯ ಮಗಳ ಸೀರೆಯನ್ನೇ ಎರವಲು ತಂದು, ಎದುರಿಗೆ ಹರಡಿಕೊಂಡು ಮತ್ತೆ ಬರೆಯತೊಡಗಿದಳು. ನಾನು ಕಾಫಿ ಮಾಡಿ ಕೊಡುತ್ತಿದ್ದೆ. ಸೀರೆ ಮದುವೆಗೆ ಮುಂಚೆಯೇ ಮಗ್ಗದಿಂದಿಳಿಯಿತು.

ನಾನು ಪ್ರಾಯಶ್ಚಿತ್ತವಾಗಿ ಹೊಸ ಹಾರ್ಡ್ ಡಿಸ್ಕ್ ತಂದುಕೊಟ್ಟೆ. ನಾಗಮಣಿ ಎಲ್ಲ ಡಿಸೈನ್‌ಗಳ ಪ್ರತಿಯನ್ನೂ ಅದಕ್ಕೆ ತುಂಬಿಕೊಂಡು ಒಳಗೆ ಹೋದಳು.

“ಎಲ್ಲಿಟ್ಟೆ?” ಎಂದು ಕೇಳಿದೆ.

“ನಿಮಗೆ ಗೊತ್ತಿಲ್ಲದ ಕಡೆ.”

ಅವಳು ಸಂತೆಗೆ ಹೋದಾಗಲೆಲ್ಲ ಮನೆಯನ್ನು ಜಾಲಾಡಿದ್ದೇನೆ. ಈವರೆಗೆ ಸಿಕ್ಕಿಲ್ಲ. ಬ್ಯಾಕಪ್ ಭದ್ರವಾಗಿದೆ ಎಂದು ಈಗ ನಾನು ಯಾರಿಗೆ ಬೇಕಾದರೂ ಧೈರ್ಯವಾಗಿ ಹೇಳಬಲ್ಲೆ.