ಚಿಮಣಿ ಎಣ್ಣೆ ಮತ್ತು ಅಮೆರಿಕದ ದೋಸ್ತಿ

ದೂರದ ಊರಿನ ಜಗಳ ಬಿಡಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಅಲ್ಲಿಯವರು ನಮ್ಮ ಮಾತು ಕೇಳುವುದಿಲ್ಲ, ಆದ್ದರಿಂದ ತಪ್ಪಿದರೂ ಯಾರೂ ಜಾಡಿಸುವುದಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ನಾನು ಕಾರಕೂನನಾಗಿದ್ದಾಗ ಅರಬರ ಸೀಮೆಯಲ್ಲಿ ಯುದ್ಧವಾಗಿ ಸೂಯೆಜ್ ಕಾಲುವೆ ಮುಚ್ಚಿತು. ಹುಬ್ಬಳ್ಳಿ ಬಸ್ಸಿಗೆ ಬಂದ ಪತ್ರಿಕೆ ಕೈಗೆ ಸಿಕ್ಕರೆ ಸಾಕು, ಕ್ಯಾಂಟೀನಿನಲ್ಲಿ ನನ್ನ ಭಾಷಣ ಶುರು. "ಅಮೆರಿಕ ಅಲ್ಲಿ ಯಾರ ಹೆಗಲ ಮ್ಯಾಲೆ ಕೈ ಹಾಕಿದ್ರೂ, ಅವರ ಕಾಲ ಕೆಳಗ ಎಣ್ಣಿ ಐತಿ ಅಂತ ತಿಳೀರಿ" ಎನ್ನುತ್ತಿದ್ದೆ. ಅದೇ ಕಾರ್ಖಾನೆಯಲ್ಲಿದ್ದ ನೆರೆಮನೆಯ ಪಾಟೀಲರು ಬೆಳಗಾವಿ ಕಡೆಯವರು, ಯಾವುದಕ್ಕೂ ಅವಸರವಿಲ್ಲದ ಮನುಷ್ಯ. ಚಹಾ ಆರಿಸಿಕೊಳ್ಳುತ್ತ, "ಹಂಗಾದ್ರ ಇಸ್ರೇಲಿನಾಗ ಎಣ್ಣಿ ಎಲ್ಲೈತ್ರೀ? ಅವರ ಜೋಡಿ ಯಾಕ ದೋಸ್ತಿ?" ಎಂದು ಕೇಳಿದರು. "ಅಂಗಡಿ ಬಾಜೂಕ ಒಬ್ಬ ಕಾವಲುಗಾರ ಬ್ಯಾಡೇನ್ರಿ?" ಎಂದೆ. ಆ ಉತ್ತರ ನನಗೇ ಬಹಳ ಹಿಡಿಸಿತು. ಪಾಟೀಲರು ಚಹಾ ಕುಡಿದರು.

ಆ ದಿನಗಳಲ್ಲಿ ನಮ್ಮ ಸ್ಟೋವಿನ ಚಿಮಣಿ ಎಣ್ಣೆಗೂ ತತ್ವಾರ ಬಂತು. ಹೆಂಡತಿ ಸುಶೀಲಾ ಚೊಚ್ಚಲ ಬಸುರಿ. ತವರು ಧಾರವಾಡ, ಈ ಊರು ಅವಳಿಗೆ ಹೊಸದು. ದಿನಾ ಮಧ್ಯಾಹ್ನ ಪಾಟೀಲರ ಹೆಂಡತಿ ತಾರಾಬಾಯಿಯವರ ಹತ್ತಿರ ಹೋಗಿ ಕೂಡುವಳು. ತಾರಾಬಾಯಿಯವರ ಅಣ್ಣನಿಗೆ ಹಳಿಯಾಳದಲ್ಲಿ ಅಂಗಡಿ, ಹೀಗಾಗಿ ಅವರಲ್ಲಿ ಎಣ್ಣೆ ಇರುತ್ತಿತ್ತು. ಒಮ್ಮೆ ಒಂದು ಡಬ್ಬಿ ಕೊಟ್ಟರು. ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದು ಮರಳಿಸುವಂತಿಲ್ಲ. ಆದರೆ ಚಿಮಣಿ ಎಣ್ಣೆಯ ಡಬ್ಬಿಯಲ್ಲಿ ಏನು ಹಾಕಿ ಕೊಡುವುದು? ಸುಶೀಲಾ ಡಬ್ಬಿಯ ಜೊತೆ ಒಂದು ಬಟ್ಟಲು ಶೇಂಗಾ ಚಟ್ನಿ ಒಯ್ದಳು. ಆ ಬಟ್ಟಲನ್ನಾದರೂ ತಾರಾಬಾಯಿ ಬರಿದು ಕೊಟ್ಟಾರೆಯೇ? ಎರಡು ಮನೆಗಳ ನಡುವೆ ಬಟ್ಟಲುಗಳು ಓಡಾಡತೊಡಗಿದವು.

ಪರರಾಷ್ಟ್ರ ನೀತಿ ಬಲ್ಲ ನಾನು ಸುಮ್ಮನಿರಲಾದೀತೇ? ಒಂದು ಭಾನುವಾರ ಊಟಕ್ಕೆ ಕೂತು, "ಅವರ ಡಬ್ಬಿ ಬರಿದಾಗ್ಲಿ, ನಿನ್ನ ಗೆಳೆತನ ಎಷ್ಟ ದಿನ ನಡೀತೈತಿ ನೋಡೂಣು" ಎಂದೆ. ಸುಶೀಲಾ ನಗಲಿಲ್ಲ, ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು. ತಿರುಗಿದರೆ ಬಾಗಿಲಲ್ಲಿ ತಾರಾಬಾಯಿ, ಕೈಯಲ್ಲಿ ಮಡಕಿಕಾಳಿನ ಉಸಳಿಯ ಬಟ್ಟಲು. ಬಟ್ಟಲನ್ನು ಹೊಸ್ತಿಲ ಒಳಗಿಟ್ಟು ಹೋಗಿಬಿಟ್ಟರು.

ಮರುದಿನದಿಂದ ಅವರು ಬರಲಿಲ್ಲ, ನಾಚಿಕೆಯಿಂದ ಇವಳು ಹೋಗಲಿಲ್ಲ. ತೊಳೆದ ಬಟ್ಟಲು ಕಟ್ಟೆಯ ಮೇಲೆ ಬೋರಲಾಗಿ ಬಿದ್ದಿತ್ತು. "ಎಣ್ಣಿ ತೊಗೊಂಡಿದ್ದು ಒಂದೆರಡ ಸಲ ರೀ" ಎಂದಳು ಸುಶೀಲಾ. "ಉಳಿದ ದಿನ ಸುಮ್ಮನ ಕೂಡಾಕ ಹೋಗ್ತಿದ್ದೆ. ಮೈಯಾಗ ಏನರ ಆದ್ರ, ಹೆದರಿಕಿ ಆದ್ರ, ಯಾರ ಮುಂದ ಹೇಳ್ಲಿ? ಅವ್ವ ಧಾರವಾಡದಾಗ, ನೀವು ಅರಬಸ್ತಾನದಾಗ." ಈ ಊರಲ್ಲಿ ಅವಳಿಗಿದ್ದ ಒಂದೇ ಜೀವದ ಜೊತೆಯನ್ನು ಒಂದು ಚಪಲದ ಮಾತಿಗೆ ಕಳೆದಿದ್ದೆ.

ನಾನೇ ಅವಲಕ್ಕಿ ಒಗ್ಗರಣೆ ಹಾಕಿದೆ. ಅರ್ಧ ಕರಕಾಯಿತು. ಅದನ್ನೇ ಬಟ್ಟಲಿಗೆ ತುಂಬಿ ಪಾಟೀಲರ ಬಾಗಿಲಲ್ಲಿ ನಿಂತೆ.

ತಾರಾಬಾಯಿ ಇಣುಕಿ ನೋಡಿ, "ಇದು ಸುಶೀಲಾನ ಕೈಯಾಗಿಂದಲ್ಲ" ಎಂದರು.

"ನಂದು. ತಪ್ಪಾತ್ರಿ, ವೈನಿ."

"ಅವಲಕ್ಕಿ ಮಾಡಿದ್ದೋ, ಮಾತಾಡಿದ್ದೋ?"

"ಎರಡೂ."

ಒಳಗೆ ಪಾಟೀಲರು ಕೆಮ್ಮಿದರು. "ನೀವು ಆ ಮಾತ ಆಡೂಮುಂದ ನಮ್ಮ ಡಬ್ಬಿ ಬರಿದಾಗಿ ವಾರ ಆಗಿತ್ತು" ಎಂದರು ತಾರಾಬಾಯಿ. "ನಿಮ್ಮಾಕಿ ದಿನಾ ಬರ್ತಿದ್ಲು." ಸೆರಗು ಹೊದ್ದು ನಮ್ಮ ಮನೆಯತ್ತ ನಡೆದೇಬಿಟ್ಟರು. ಅಮೆರಿಕದ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಹೆಚ್ಚು ಬದಲಾಗಿಲ್ಲ, ಆದರೆ ಈಚೆಗೆ ಸ್ವಲ್ಪ ಮೆತ್ತಗೆ ಹೇಳುತ್ತೇನೆ.

ನಾನು ಮನೆ ಸೇರುವಷ್ಟರಲ್ಲಿ ಅಡುಗೆಮನೆಯಲ್ಲಿ ಇಬ್ಬರದೂ ಮಾತು ಜೋರಾಗಿತ್ತು. ತಾರಾಬಾಯಿಯವರ ಕೈ ಸುಶೀಲಾಳ ಹೊಟ್ಟೆಯ ಮೇಲಿತ್ತು. ನನ್ನನ್ನು ಕಂಡು, "ಕೂಸು ಹೊರಳಾಕ ಹತ್ತಿ ಭಾಳ ದಿನ ಆತು. ನಿಮಗ ಗೊತ್ತೈತಿಲ್ಲೊ?" ಎಂದು ಕೇಳಿದರು.

ಗೊತ್ತಿರಲಿಲ್ಲ. "ಹೂಂ, ಗೊತ್ತೈತ್ರಿ" ಎಂದೆ. ಸುಶೀಲಾ ನನ್ನ ಮುಖ ನೋಡಿ ಮುಸಿಮುಸಿ ನಕ್ಕಳು, ಸುಳ್ಳು ಅಂತ ಮಾತ್ರ ಹೇಳಲಿಲ್ಲ.